ಪಾಟಿಯ ಮೇಲೆ ನಡೆಯುವ ಗಣಕಯಂತ್ರ



2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ತಯಾರಕರಿಂದ ಬರುತ್ತಿದ್ದ ಸಾಮಾನ್ಯ ತಿದ್ದುಪಡಿಗಳು ನಿಂತುಹೋದವು. ಅದರ ಮುಂದಿನದಾದ ವಿಂಡೋಸ್ 11 ನಡೆಯಬೇಕಾದರೆ ಯಂತ್ರದಲ್ಲಿ ಕಡಮೆಯೆಂದರೂ 4 ಜಿ.ಬಿ. ಸ್ಮೃತಿಯೂ 64 ಜಿ.ಬಿ. ಸಂಗ್ರಹದ ಸ್ಥಳವೂ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಏರ್ಪಾಡೂ ಇರತಕ್ಕದ್ದೆಂದು ನಿಯಮವುಂಟು. ನಮ್ಮ ಶಾಲೆಯ ಗಣಕಯಂತ್ರಗಳ ಕೋಣೆಯಲ್ಲಿ ಸಾಲಾಗಿ ಕುಳಿತಿರುವ ಹಳೆಯ ಪೆಟ್ಟಿಗೆಗಳಿಗೆ ಈ ಯಾವ ಯೋಗ್ಯತೆಯೂ ಇಲ್ಲ. ಆದುದರಿಂದ ಅವುಗಳನ್ನು ಗುಜರಿಯವರಿಗೆ ತೂಕದ ಮೇಲೆ ಕೊಟ್ಟು, ಹಳೆಯ ವಿದ್ಯಾರ್ಥಿನಿಯರಿಂದ ವರ್ಗಣಿ ಕೂಡಿಸಿ ಹೊಸವನ್ನು ತರಬೇಕೆಂಬ ಮಾತು ಕೆಲವರ ಬಾಯಲ್ಲಿ ಬಂದಿದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆಯಾಗಿರುವುದರಿಂದ, ಅದನ್ನು ಈ ಸ್ಮರಣ ಸಂಚಿಕೆಯ ಮೂಲಕ ತಮ್ಮೆಲ್ಲರ ಮುಂದಿಡುತ್ತೇವೆ.

ಹೊಸ ಯಂತ್ರಗಳು ಬರುವುದಕ್ಕೆ ನಾವು ವಿರೋಧಿಗಳಲ್ಲ. ಬರಲಿ. ಆದರೆ ಹಳೆಯವು ಕೋಣೆಯ ಹೊಸ್ತಿಲನ್ನು ದಾಟುವ ಮುಂಚೆ, ನಮ್ಮ ಹುಡುಗಿಯರು ಅವುಗಳಿಗಾಗಿ ತಮ್ಮ ಕೈಯಾರೆ ಒಂದು ಚಿಕ್ಕ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಬೇಕು. ಅದು ಒಂದು ಪೆನ್‌ಡ್ರೈವಿನಿಂದ ಎದ್ದು, ಇಡಿಯಾಗಿ ಯಂತ್ರದ ಸ್ಮೃತಿಯಲ್ಲಿಯೇ ನಿಂತು ನಡೆಯಬೇಕು. ಇದು ಕೇವಲ ಮಿತವ್ಯಯದ ಮಾತಲ್ಲ. ಐದು ರೊಟ್ಟಿಗಳ ವೃತ್ತಾಂತವನ್ನು ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದವರಿಗೆ, ಜನರೆಲ್ಲ ಉಂಡ ಮೇಲೆ ತುಣುಕುಗಳನ್ನು ಕೂಡಿಸಲು ಯಾರು ಹೇಳಿದರೆಂಬುದೂ, ಆ ತುಣುಕುಗಳಿಂದ ಹನ್ನೆರಡು ಬುಟ್ಟಿಗಳು ತುಂಬಿದವೆಂಬುದೂ ನೆನಪಿದ್ದೀತು. ಆದರೆ ನಮ್ಮ ಲಕ್ಷ್ಯವು ಬುಟ್ಟಿಗಳಿಗಿಂತ ಹೆಚ್ಚಾಗಿ, ಕೂಡಿಸುವ ಕೈಗಳ ಮೇಲೆ ಇದೆ.

ಸ್ಮೃತಿಯಲ್ಲಿ ನಡೆಯುವುದೆಂದರೇನು? ಗಣಕಯಂತ್ರದಲ್ಲಿ ಬರೆದಿಡುವ ಸ್ಥಾನಗಳು ಎರಡು ಬಗೆಯವು. ಹಾರ್ಡ್ ಡಿಸ್ಕು ವಹಿಯಂತಿರುತ್ತದೆ. ಅದರಲ್ಲಿ ಬರೆದದ್ದು ವಿದ್ಯುತ್ತು ಹೋದರೂ ಅಳಿಯದು. ರ‍್ಯಾಮ್ ಎಂದು ಕರೆಯುವ ಸ್ಮೃತಿಯಾದರೋ ಪಾಟಿಯಂತೆ. ಬರೆಯುವುದಕ್ಕೂ ಓದುವುದಕ್ಕೂ ಬಹು ವೇಗ, ಆದರೆ ಯಂತ್ರವನ್ನು ನಿಲ್ಲಿಸಿದ ಕ್ಷಣವೇ ಎಲ್ಲವೂ ಒರೆಸಿಹೋಗುತ್ತದೆ. ಸಾಮಾನ್ಯವಾದ ವ್ಯವಸ್ಥೆಯು ವಹಿಯಲ್ಲಿ ವಾಸಮಾಡುತ್ತ, ಬೇಕಾದ ಪುಟಗಳನ್ನು ಮಾತ್ರ ಆಗಾಗ ಪಾಟಿಯ ಮೇಲೆ ನಕಲು ಮಾಡಿಕೊಳ್ಳುತ್ತದೆ. ನಾವು ಹೇಳುವ ಚಿಕ್ಕ ವ್ಯವಸ್ಥೆಯು ಒಮ್ಮೆಗೇ ಪೂರ್ತಿಯಾಗಿ ಪಾಟಿಯ ಮೇಲೆ ಬಂದು ಕುಳಿತು, ಆಮೇಲೆ ವಹಿಯ ಹಂಗನ್ನೇ ತೊರೆಯುತ್ತದೆ. ಯಂತ್ರದ ಹಾರ್ಡ್ ಡಿಸ್ಕು ಸತ್ತುಹೋಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಪೆನ್‌ಡ್ರೈವನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಆದ್ದರಿಂದ ಒಂದೇ ಪೆನ್‌ಡ್ರೈವಿನಿಂದ ಒಂದು ಸಾಲಿನ ಯಂತ್ರಗಳನ್ನೆಲ್ಲ ಒಂದರ ಹಿಂದೊಂದರಂತೆ ಎಬ್ಬಿಸಲಿಕ್ಕೆ ಬರುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದ ಕುಮಾರವ್ಯಾಸನು, ತಾನು ಕಾವ್ಯಕ್ಕಾಗಿ ಪಾಟಿಯನ್ನು ಮುಟ್ಟಿದವನಲ್ಲವೆಂದು ಹೆಮ್ಮೆ ಪಟ್ಟುಕೊಂಡಿದ್ದಾನೆ. ಅಂಥ ಶಕ್ತಿಯಿಲ್ಲದ ನಮಗೂ ಯಂತ್ರಗಳಿಗೂ ಪಾಟಿಯು ಬೇಕೇ ಬೇಕು.

ಮಿಶನ್ನಿನ ಪರಂಪರೆಯವರಿಗೆ ಇದಕ್ಕಿಂತ ಹತ್ತಿರವಾದ ದೃಷ್ಟಾಂತ ಒಂದುಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದದ್ದು 1841ರಲ್ಲಿ. 1843ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗ್ ಸಾಹೇಬರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನ ರೀತಿಯೆಂದರೆ, ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಬೇಕಾದಷ್ಟು ಪ್ರತಿಗಳನ್ನು ತೆಗೆದು, ಆಮೇಲೆ ಕಲ್ಲನ್ನು ಉಜ್ಜಿ ಬರಿದುಮಾಡಿ, ಮುಂದಿನ ಸಂಚಿಕೆಗೆ ಅದೇ ಕಲ್ಲನ್ನು ಬಳಸುವುದು. ಕಲ್ಲು ಒಂದೇ, ಬರಹ ದಿನಕ್ಕೊಂದು. ಮುದ್ರಣದ ಕೆಲಸಕ್ಕೆ ಹೆಸರಾದ ಗದಗ ಊರಿನಲ್ಲಿ ಇದನ್ನು ಹೆಚ್ಚಾಗಿ ವಿವರಿಸಬೇಕಾದದ್ದಿಲ್ಲ. ಹಳೆಯ ಯಂತ್ರವೂ ಅಂಥ ಕಲ್ಲೇ ಸರಿ. ಕಲ್ಲು ಹಳೆಯದಾಯಿತೆಂದು ಯಾರೂ ಎಸೆಯಲಿಲ್ಲ.

ಲಿನಕ್ಸಿನ ಹುಟ್ಟು ಬಹಳ ಜನರಿಗೆ ಗೊತ್ತಿರುವುದರಿಂದ ಅದನ್ನು ಬೇಗ ಹೇಳಿ ಮುಗಿಸುತ್ತೇವೆ. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಅದರ ತಿರುಳನ್ನು, ಅಂದರೆ ಕರ್ನಲನ್ನು, ಬರೆಯಲಾರಂಭಿಸಿದನು. ಅದನ್ನು ಓದುವ, ತಿದ್ದುವ, ಹಂಚುವ ಅಧಿಕಾರವು ಎಲ್ಲರಿಗೂ ಇದೆ. 2000ದಲ್ಲಿ ಜರ್ಮನಿಯ ಕ್ಲಾಸ್ ನೋಪರ್ ಎಂಬವರು ಸಿ.ಡಿ.ಯಿಂದಲೇ ನಡೆಯುವ ನಾಪಿಕ್ಸನ್ನು ಹೊರತಂದರು. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಎಂಬವರ ಪಪ್ಪಿ ಲಿನಕ್ಸ್ ಬಂದಿತು. ಅದು ಸ್ಮೃತಿಯಲ್ಲಿ ಇಳಿದು ಕುಳಿತುಕೊಳ್ಳುವುದಕ್ಕಾಗಿಯೇ ಹುಟ್ಟಿದ್ದು. 2008ರಲ್ಲಿ ರಾಬರ್ಟ್ ಶಿಂಗಲ್‌ಡೆಕರ್ ಎಂಬವರು ಆರಂಭಿಸಿದ ಟೈನಿ ಕೋರ್ ಲಿನಕ್ಸು ಇನ್ನೂ ಚಿಕ್ಕದು. ಕಿಟಕಿಗಳ ಸಹಿತವಾದ ಅದರ ಮೂಲರೂಪದ ಗಾತ್ರವು ಇಪ್ಪತ್ತು-ಇಪ್ಪತ್ತೈದು ಎಂ.ಬಿ.ಯ ಆಸುಪಾಸಿನಲ್ಲಿದೆ. ಮದುವೆಮನೆಯಿಂದ ಮೊಬೈಲಿಗೆ ಬರುವ ಒಂದು ವಿಡಿಯೋ ಸಹ ಕೆಲವೊಮ್ಮೆ ಇದಕ್ಕಿಂತ ದೊಡ್ಡದಿರುತ್ತದೆ. ನಮ್ಮ ಕೋಣೆಯ ಹಳೆಯ ಯಂತ್ರದಲ್ಲಿ 1 ಜಿ.ಬಿ. ಸ್ಮೃತಿಯಿದ್ದರೂ, ಅಂಥ ವ್ಯವಸ್ಥೆಯ ನಲವತ್ತು ಪ್ರತಿಗಳಿಗೆ ಅದರಲ್ಲಿ ಸ್ಥಳವಾದೀತು.

ಹಾಗಾದರೆ ಸಿದ್ಧವಾದದ್ದನ್ನೇ ತಂದು ಹಾಕಿದರಾಯಿತಲ್ಲ, ಹುಡುಗಿಯರು ಕಟ್ಟುವುದೇಕೆ ಎಂದು ಕೇಳುವವರುಂಟು. ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ. ಸೀರೆಯನ್ನು ಉಡುವವಳಿಗೆ ಬಣ್ಣ ತಿಳಿದಿರುತ್ತದೆ. ಮಗ್ಗದ ಮುಂದೆ ಬೆಳೆದವಳಿಗೆ ಹಾಸು ಯಾವುದು, ಹೊಕ್ಕು ಯಾವುದು, ಎಲ್ಲಿ ಎಳೆ ತುಂಡಾದರೆ ಎಲ್ಲಿ ಗಂಟು ಹಾಕಬೇಕು ಎಂಬುದು ತಿಳಿದಿರುತ್ತದೆ. ಗಣಕಯಂತ್ರದ ವಿಷಯದಲ್ಲಿ ನಮ್ಮ ಶಾಲೆಗಳು ಇದುವರೆಗೆ ಸೀರೆ ಉಡುವುದನ್ನು ಮಾತ್ರ ಕಲಿಸಿವೆ. ಇಲ್ಲಿ ಒತ್ತು, ಅಲ್ಲಿ ಒತ್ತು, ಪತ್ರವನ್ನು ಟೈಪುಮಾಡು, ಚಿತ್ರಕ್ಕೆ ಬಣ್ಣ ತುಂಬು. ದೊಡ್ಡ ವ್ಯವಸ್ಥೆಗಳು ಎಷ್ಟು ದೊಡ್ಡವೆಂದರೆ ಅವುಗಳ ಒಳಗೆ ಹೊಕ್ಕು ನೋಡುವುದು ಶಿಕ್ಷಕರಿಗೂ ಆಗದ ಮಾತು. ಚಿಕ್ಕದನ್ನಾದರೋ ಹತ್ತನೆಯ ಇಯತ್ತೆಯ ಹುಡುಗಿಯು ಒಂದು ಬೇಸಿಗೆಯ ರಜೆಯಲ್ಲಿ ಬುಡದಿಂದ ತುದಿಯವರೆಗೆ ತಿಳಿಯಬಲ್ಲಳು. ಇದೇ ಅದರ ದೊಡ್ಡ ಗುಣವೆಂದು ನಾವು ನಂಬುತ್ತೇವೆ.

ಕಟ್ಟುವ ಕ್ರಮವನ್ನು ಪಾಲಕರಿಗೂ ತಿಳಿಯುವಂತೆ ಹೇಳುತ್ತೇವೆ. ಯಂತ್ರದ ಗುಂಡಿಯನ್ನು ಒತ್ತಿದೊಡನೆ, ತಾಯಿಹಲಗೆಯ ಮೇಲೆ ಕಾರ್ಖಾನೆಯಲ್ಲಿಯೇ ಕೂಡಿಸಿದ ಚಿಕ್ಕ ಆದೇಶಮಾಲೆಯೊಂದು ಎಚ್ಚತ್ತು, ಪೆನ್‌ಡ್ರೈವಿನಲ್ಲಿ ಬೂಟ್‌ಲೋಡರ್ ಎಂಬ ಕಾವಲುಗಾರನನ್ನು ಹುಡುಕುತ್ತದೆ. ಆ ಕಾವಲುಗಾರನು ಎರಡು ಕಡತಗಳನ್ನು ಹೊತ್ತು ತಂದು ಸ್ಮೃತಿಯಲ್ಲಿ ಇಡುತ್ತಾನೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಗಂಟು. ಕರ್ನಲು ಎದ್ದು ಕಣ್ಣುಜ್ಜಿಕೊಂಡು ಯಂತ್ರದ ಅಂಗಾಂಗಗಳನ್ನು ಗುರುತಿಸಿ, ಆ ಗಂಟನ್ನು ಸ್ಮೃತಿಯಲ್ಲಿಯೇ ಬಿಚ್ಚಿ ಹರಡಿ, ಅದರೊಳಗಿನ ‘ಇನಿಟ್’ ಎಂಬ ಹೆಸರಿನ ಕಡತವನ್ನು ಕರೆಯುತ್ತದೆ. ಅಲ್ಲಿಂದ ಮುಂದೆ ಮನೆಯ ಆಡಳಿತವು ಇನಿಟ್ಟಿನದು. ಇಷ್ಟೇ ಕಥೆ. ದೊಡ್ಡ ವ್ಯವಸ್ಥೆಗಳು ಈ ಗಂಟನ್ನು ಒಂದು ಕ್ಷಣದ ಮೆಟ್ಟಿಲನ್ನಾಗಿ ಮಾಡಿಕೊಂಡು ಹಾರ್ಡ್ ಡಿಸ್ಕಿಗೆ ದಾಟುತ್ತವೆ. ನಮ್ಮದು ಮೆಟ್ಟಿಲಿನ ಮೇಲೆಯೇ ಮನೆಮಾಡುತ್ತದೆ.

ಮೊದಲನೆಯ ಕೆಲಸವು ಕರ್ನಲಿನದು. ಅದರ ಮೂಲಬರಹವು ಈಗ ಸುಮಾರು 4 ಕೋಟಿ ಸಾಲುಗಳಷ್ಟು ಬೆಳೆದಿದೆ. ಆದರೆ ಅದರಲ್ಲಿ ಬಹುಭಾಗವು ಜಗತ್ತಿನ ನಾನಾ ಯಂತ್ರಾಂಗಗಳನ್ನು ನಡೆಯಿಸುವ ಚಾಲಕಗಳಿಗೆ ಸೇರಿದ್ದು. ಮುಂಡರಗಿಯಿಂದ ಬೋರ್ಡಿಂಗಿಗೆ ಬರುವ ಹುಡುಗಿಯು ಟ್ರಂಕಿನಲ್ಲಿ ಏನೇನು ಹಾಕಿಕೊಳ್ಳಬೇಕೆಂದು ಆರಿಸುವಂತೆ, ನಮ್ಮ ಯಂತ್ರಕ್ಕೆ ಬೇಕಾದ ಕೀಲಿಮಣೆ, ಪರದೆ, ಯು.ಎಸ್.ಬಿ. ಮುಂತಾದವುಗಳ ಚಾಲಕಗಳನ್ನು ಇಟ್ಟುಕೊಂಡು ಉಳಿದವನ್ನು ಬಿಡಬೇಕು. ಈ ಆರಿಸುವಿಕೆಯಲ್ಲಿ ಹುಡುಗಿಯರು ಯಂತ್ರದ ಮುಚ್ಚಳವನ್ನು ತೆಗೆದು, ಒಳಗಿನ ಚಿಪ್ಪುಗಳ ಮೇಲಿನ ಹೆಸರುಗಳನ್ನು ಓದಿ ಬರೆದುಕೊಳ್ಳಬೇಕಾಗುತ್ತದೆ. ಇಡೀ ವರ್ಷದ ಪಾಠಕ್ಕಿಂತ ಆ ಒಂದು ಮಧ್ಯಾಹ್ನವು ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ಎಣಿಕೆ. ಆರಿಸಿದ ಮೇಲೆ ಕರ್ನಲನ್ನು ಯಂತ್ರಭಾಷೆಗೆ ಇಳಿಸುವ ಕೆಲಸಕ್ಕೆ ಮಾತ್ರ ಒಂದು ಒಳ್ಳೆಯ ಯಂತ್ರ ಬೇಕು. ಹಳೆಯದರಲ್ಲಿ ಮಾಡಹೋದರೆ ಗಂಟೆಗಟ್ಟಲೆ ಕಾಯಬೇಕಾದೀತು. ಹೊಸ ಯಂತ್ರಗಳು ಬರಲಿ ಎಂದು ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು ಗಂಟನ್ನು ಕಟ್ಟುವುದು. ಇದರೊಳಗೆ ಬಿಜಿಬಾಕ್ಸ್ ಎಂಬ ಒಂದೇ ಒಂದು ಕಾರ್ಯಕ್ರಮವಿದ್ದರೆ ಮುಕ್ಕಾಲು ಮನೆ ತುಂಬಿದಂತೆ. 1995ರಲ್ಲಿ ಬ್ರೂಸ್ ಪೆರೆನ್ಸ್ ಎಂಬವರು ಡೆಬಿಯನ್ ವ್ಯವಸ್ಥೆಯ ಸ್ಥಾಪನೆಗಾಗಿ, 1.44 ಎಂ.ಬಿ.ಯ ಒಂದೇ ಫ್ಲಾಪಿಯಲ್ಲಿ ಎಲ್ಲವನ್ನೂ ಅಡಕಮಾಡಬೇಕೆಂದು ಇದನ್ನು ಬರೆದರು. ಕಡತಗಳ ಪಟ್ಟಿ ತೋರಿಸುವುದು, ನಕಲು ಮಾಡುವುದು, ಅಳಿಸುವುದು, ಹುಡುಕುವುದು ಮೊದಲಾದ ನೂರಾರು ಕೆಲಸಗಳನ್ನು ಈ ಒಂದೇ ಕಡತವು ಮಾಡುತ್ತದೆ. ಯಾವ ಹೆಸರಿನಿಂದ ಕರೆದರೋ ಆ ಕೆಲಸ. ನಮ್ಮ ಮನೆಗಳಲ್ಲಿ ಒಬ್ಬಳೇ ಹೆಂಗಸನ್ನು ಅವ್ವ ಎಂದು ಕರೆದರೆ ಊಟ ಬರುತ್ತದೆ, ಸೊಸೆ ಎಂದು ಕರೆದರೆ ನೀರು ಬರುತ್ತದೆ, ಅಕ್ಕ ಎಂದು ಕರೆದರೆ ಹರಿದ ಅಂಗಿಗೆ ಹೊಲಿಗೆ ಬೀಳುತ್ತದೆ. ಬಿಜಿಬಾಕ್ಸಿನ ಉಪಾಯವೂ ಅದೇ. ಯಂತ್ರದ ಮಟ್ಟಿಗೆ ಇದು ಬಹು ಜಾಣತನದ ಏರ್ಪಾಡು. ಮನೆಯ ಮಟ್ಟಿಗೆ ಅಷ್ಟು ಮೆಚ್ಚತಕ್ಕದ್ದೆಂದು ನಾವು ಹೇಳಲಾರೆವು. ಪಶ್ಚಿಮದವರು ಇದನ್ನು ಸ್ವಿತ್ಸರ್ಲೆಂಡಿನ ಮಡಿಚುವ ಚೂರಿಗೆ ಹೋಲಿಸುತ್ತಾರೆ. ನಮ್ಮ ಮಿಶನ್ನಿಗೆ ಹೆಸರು ಕೊಟ್ಟ ಬಾಸೆಲ್ ಪಟ್ಟಣವೂ ಆ ದೇಶದ್ದೇ.

ಬಿಜಿಬಾಕ್ಸನ್ನು ಇಟ್ಟು, ಕೆಲವು ಬರಿದಾದ ಕೋಶಗಳನ್ನು ಮಾಡಿ, ಇನಿಟ್ ಕಡತದಲ್ಲಿ ಹತ್ತು ಹನ್ನೆರಡು ಸಾಲುಗಳನ್ನು ಬರೆದು, ಎಲ್ಲವನ್ನೂ ಒತ್ತಿ ಕಟ್ಟಿದರೆ ಗಂಟು ಸಿದ್ಧ. ಇನಿಟ್ಟು ಬೋರ್ಡಿಂಗಿನ ಮೇಟ್ರನ್ ಅಮ್ಮನವರಂತೆ. ಎಲ್ಲರಿಗಿಂತ ಮೊದಲು ಏಳತಕ್ಕದ್ದು, ಎಲ್ಲರೂ ಮಲಗುವವರೆಗೆ ಅಲುಗಾಡಕೂಡದು. ಅದು ನಡುವೆ ಕೆಲಸ ಬಿಟ್ಟುಹೋದರೆ ಕರ್ನಲು ಗಾಬರಿಯಿಂದ ಕೂಗಿ ನಿಂತೇಬಿಡುತ್ತದೆ. ಮೊದಲನೆಯ ದಿನ ಈ ಕೂಗು ಪ್ರತಿಯೊಬ್ಬಳ ಪರದೆಯ ಮೇಲೆಯೂ ಕಾಣಿಸಿಕೊಳ್ಳುವುದು ಖಂಡಿತ. ಇನಿಟ್ ಕಡತಕ್ಕೆ ನಡೆಯುವ ಅನುಮತಿಯನ್ನು ಕೊಡಲು ಮರೆತರೆ ಸಾಕು, ಕರ್ನಲು ಅದನ್ನು ನಡೆಯಿಸಲಾರದೆ ಮುಗ್ಗರಿಸುತ್ತದೆ. ಇಂಥ ತಪ್ಪಿನಿಂದ ಯಂತ್ರಕ್ಕೆ ಕೂದಲೆಳೆಯಷ್ಟೂ ಹಾನಿಯಿಲ್ಲ. ಪಾಟಿಯನ್ನು ಒರೆಸಿ ಮತ್ತೆ ಬರೆದರಾಯಿತು. ಕೆಡಿಸಿಬಿಟ್ಟೇನೆಂಬ ಅಂಜಿಕೆಯಿಂದ ಕೀಲಿಮಣೆಯ ಮುಂದೆ ಕೈಕಟ್ಟಿ ಕೂತುಕೊಳ್ಳುವ ಹುಡುಗಿಯರನ್ನು ಎಲ್ಲ ಶಾಲೆಗಳಲ್ಲಿಯೂ ಕಾಣುತ್ತೇವೆ. ಕೆಡಿಸಲಿಕ್ಕೆ ಬಾರದ ಯಂತ್ರವೊಂದು ಅವರಿಗೆ ಬೇಕಾಗಿದೆ.

ಇನ್ನು ಕನ್ನಡದ ಪ್ರಶ್ನೆ. ಈ ವಿಷಯದಲ್ಲಿ ನಮಗೆ ಸ್ವಲ್ಪ ಹಟವಿದೆ. ಚಿಕ್ಕ ವ್ಯವಸ್ಥೆಗಳನ್ನು ಕಟ್ಟುವವರು ತೂಕವನ್ನು ಇಳಿಸುವಾಗ ಮೊದಲು ಹೊರಗೆ ಹಾಕುವುದು ಇಂಗ್ಲಿಷಿನ ಹೊರತಾದ ಭಾಷೆಗಳನ್ನು. ಅದಕ್ಕೆ ಅವರಲ್ಲಿ ಕಾರಣವೂ ಉಂಟು. ಲಿನಕ್ಸಿನ ಬರಿಯ ಅಕ್ಷರದ ಪರದೆಯಲ್ಲಿ ಒಮ್ಮೆಗೆ ಹೆಚ್ಚೆಂದರೆ 512 ಆಕಾರಗಳಿಗೆ ಮಾತ್ರ ಸ್ಥಳವಿದ್ದು, ಒಂದರ ಪಕ್ಕದಲ್ಲಿ ಒಂದನ್ನು ಇಡುವುದಲ್ಲದೆ, ಅಕ್ಷರದ ಕೆಳಗೆ ಒತ್ತನ್ನು ಕೂಡಿಸುವ ವಿದ್ಯೆಯು ಅದಕ್ಕೆ ಬಾರದು. ‘ಲಕ್ಷ್ಮೇಶ್ವರ’ ಎಂಬ ಊರಿನ ಹೆಸರನ್ನು ಅಲ್ಲಿ ಸರಿಯಾಗಿ ಬರೆಯಲಿಕ್ಕೆ ಆಗುವುದೇ ಇಲ್ಲ. ಕನ್ನಡವು ಬೇಕಾದರೆ ಚಿತ್ರಪರದೆಯೂ, ಒಂದು ಕನ್ನಡ ಲಿಪಿಯ ಕಡತವೂ, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಕಾರ್ಯಕ್ರಮವೂ ಬೇಕು. ಮೊಳೆಯಚ್ಚಿನ ಕಾಲದಲ್ಲಿ ಗದುಗಿನ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವನ ಬೆರಳುಗಳು ಮಾಡುತ್ತಿದ್ದ ಕೆಲಸವನ್ನೇ ಈಗ ಹಾರ್ಫ್‌ಬಜ್ ಮಾಡುತ್ತದೆ: ಷಕಾರದ ಒತ್ತು ಎಲ್ಲಿ, ಮಕಾರದ ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ನೋಡಿ ಕೂಡಿಸುತ್ತದೆ.

ಇದಕ್ಕೆಲ್ಲ ಎಷ್ಟು ಭಾರ? ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಸ್ವತಂತ್ರ ಲಿಪಿಗಳು ಉಚಿತವಾಗಿ ದೊರೆಯುತ್ತವೆ. ಅಂಥ ಒಂದು ಲಿಪಿಯ ಕಡತವು ಒಂದು ಒಳ್ಳೆಯ ಛಾಯಾಚಿತ್ರಕ್ಕಿಂತ ಚಿಕ್ಕದು. ಚಿತ್ರಪರದೆಯ ಏರ್ಪಾಡನ್ನು ಕೂಡಿಸಿದರೆ ವ್ಯವಸ್ಥೆಯು ಕೆಲವು ಹತ್ತು ಎಂ.ಬಿ.ಗಳಷ್ಟು ಬೆಳೆದೀತು. ಬೆಳೆಯಲಿ. ಚಿಕ್ಕತನದ ಪಂದ್ಯದಲ್ಲಿ ಗೆಲ್ಲುವುದಕ್ಕಾಗಿ ಕನ್ನಡವನ್ನು ಹೊರಗೆ ನಿಲ್ಲಿಸಿದರೆ, 1894ರಲ್ಲಿ ಕಿಟ್ಟೆಲ್ ಸಾಹೇಬರ ನಿಘಂಟನ್ನು ಅಚ್ಚುಮಾಡಿದ ಮಿಶನ್ನಿನ ಶಾಲೆಗೆ ಅದು ಶೋಭಿಸದು. ಕನ್ನಡ ಟೈಪಿನ ಬಗ್ಗೆ ಪಾಲಕರಿಗೆ ಒಂದು ಸಮಾಧಾನದ ಮಾತು: ನಮ್ಮ ಸರಕಾರದ ಕಚೇರಿಗಳಲ್ಲಿ ಬಳಕೆಯಿರುವ ನುಡಿ ತಂತ್ರಾಂಶದ ಕೀಲಿಮಣೆಯು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ್ದು. ಕಗಪ ಎಂಬ ಹೆಸರಿನ ಅದೇ ಕ್ರಮವು ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೂ ಸೇರಿರುತ್ತದೆ. ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ಇಂಥ ವಿಚಾರವು ನಮ್ಮ ನಾಡಿಗೆ ಹೊಸದೆಂದು ತಿಳಿಯತಕ್ಕದ್ದಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ, ರಮೇಶ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ನಿರ್ಮಿಸಿ, 2001ರಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅದರಲ್ಲಿ ಹಾರ್ಡ್ ಡಿಸ್ಕು ಇರಲಿಲ್ಲ. 32 ಅಥವಾ 64 ಎಂ.ಬಿ. ಸ್ಮೃತಿಯಲ್ಲಿ ಲಿನಕ್ಸು ನಡೆಯುತ್ತಿತ್ತು. ಬರೆದದ್ದನ್ನು ಅದು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಎಲ್ಲಕ್ಕಿಂತ ನಮ್ಮನ್ನು ಆಕರ್ಷಿಸಿದ ಅಂಶವು ಅದರ ಕಾರ್ಡು. ಯಂತ್ರವು ಇಡೀ ಹಳ್ಳಿಗೆ ಒಂದಿದ್ದರೂ ಸಾಕು, ಪ್ರತಿಯೊಬ್ಬರಲ್ಲಿಯೂ ತಮ್ಮ ತಮ್ಮ ವಿಷಯಗಳನ್ನುಳ್ಳ ಒಂದು ಚಿಕ್ಕ ಕಾರ್ಡು ಇರಬೇಕು; ಅದನ್ನು ಸಿಕ್ಕಿಸಿದಾಗ ಯಂತ್ರವು ಅವರದಾಗಬೇಕು, ತೆಗೆದಾಗ ಮುಂದಿನವರದಾಗಬೇಕು ಎಂಬುದು ಅವರ ಯೋಜನೆ. 2004ರಲ್ಲಿ ಅಮಿದಾ ಎಂಬ ಹೆಸರಿನಲ್ಲಿ ಅದು ಅಂಗಡಿಗೂ ಬಂದಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮೊಬೈಲಿನ ಪ್ರವಾಹವು ಅದನ್ನು ಹಿಂದೆ ಬಿಟ್ಟು ಹರಿಯಿತು. ಅದನ್ನು ಸೋತ ಪ್ರಯತ್ನವೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಇಂದು ತಮ್ಮೆಲ್ಲರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಲಿನಕ್ಸ್ ಕರ್ನಲೇ, ಅದು ಏಳುವುದೂ ಸ್ಮೃತಿಯಲ್ಲಿ ಬಿಚ್ಚಿದ ಅಂಥದೊಂದು ಗಂಟಿನಿಂದಲೇ. ಸಿಂಪ್ಯೂಟರಿನವರು ಕಂಡದ್ದು ಸರಿಯಾಗಿತ್ತು. ದೊಡ್ಡ ಊರಿನಲ್ಲಿ ಮಾಡಿ ಹಳ್ಳಿಗೆ ಸಿದ್ಧವಸ್ತುವಾಗಿ ಕೊಡಲೆಳಸಿದ್ದು ಮಾತ್ರ ಕೊರತೆಯಾಯಿತೇನೋ ಎಂದು ನಮ್ಮ ಅನಿಸಿಕೆ.

ಆ ಕಾರ್ಡಿನ ಸ್ಥಾನದಲ್ಲಿ ಇಂದು ಪೆನ್‌ಡ್ರೈವು ನಿಲ್ಲುತ್ತದೆ. ಇಲ್ಲಿ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತನ್ನು ಹೇಳಿಬಿಡುತ್ತೇವೆ. ಶಿರಹಟ್ಟಿಯಿಂದಲೂ ಲಕ್ಷ್ಮೇಶ್ವರದಿಂದಲೂ ಬಸ್ಸಿನಲ್ಲಿ ನಿಂತುಕೊಂಡು ಬರುವ ನಮ್ಮ ಹುಡುಗಿಯರಲ್ಲಿ ಎಷ್ಟು ಜನರ ಮನೆಯಲ್ಲಿ ಗಣಕಯಂತ್ರವುಂಟು? ಇದ್ದರೂ ಅದು ಅಣ್ಣನದು. ಮೊಬೈಲು ತಂದೆಯ ಅಂಗಿಯ ಜೇಬಿನಲ್ಲಿ. ಹುಡುಗಿಯ ಪಾಲಿಗೆ ಬರುವುದು ರಾತ್ರಿ ಒಂಬತ್ತರ ಮೇಲಿನ ಅರ್ಧ ತಾಸು, ಅದೂ ಬ್ಯಾಟರಿ ಉಳಿದಿದ್ದರೆ. ತಾನೇ ಕಟ್ಟಿದ, ತನ್ನ ಹೆಸರಿನಿಂದ ಏಳುವ, ತನ್ನ ಬರಹಗಳನ್ನು ಬೇರೊಂದು ಭಾಗದಲ್ಲಿ ಕಾಪಾಡುವ ಒಂದು ಪೆನ್‌ಡ್ರೈವು ಅವಳ ಕಂಪಾಸ್ ಪೆಟ್ಟಿಗೆಯಲ್ಲಿದ್ದರೆ, ಅನುಮತಿ ಸಿಕ್ಕಲ್ಲೆಲ್ಲ, ಎಂಥ ಹಳೆಯ ಯಂತ್ರವಾದರೂ, ಅದು ಅಷ್ಟು ಹೊತ್ತು ಅವಳದಾಗುತ್ತದೆ.

ಇದನ್ನು ಕೇಳಿದ ಕೆಲವು ಪಾಲಕರು, ‘ಹಾಗಾದರೆ ಹುಡುಗಿಯು ಏನು ಮಾಡಿದಳೆಂಬ ಗುರುತು ಯಂತ್ರದಲ್ಲಿ ಉಳಿಯುವುದಿಲ್ಲವಲ್ಲ’ ಎಂದು ಶಂಕಿಸಬಹುದು. ಉಳಿಯುವುದಿಲ್ಲ, ನಿಜ. ಆದರೆ ಶಾಲೆಯ ಕೋಣೆಯಲ್ಲಿ ಶಿಕ್ಷಕಿಯರು ಹಿಂದೆಯೇ ನಿಂತಿರುತ್ತಾರೆ. ಆ ಚಿಕ್ಕ ವ್ಯವಸ್ಥೆಯಲ್ಲಿ ಬರೆಯುವ, ಲೆಕ್ಕ ಮಾಡುವ, ಕಾರ್ಯಕ್ರಮ ರಚಿಸುವ ಸಾಧನಗಳಲ್ಲದೆ ಅಡಗಿಸತಕ್ಕದ್ದು ಏನೂ ಇರುವುದಿಲ್ಲ. ಮಗಳ ದಿನಚರಿಯ ವಹಿಯನ್ನು ಓದದೆ ಬಿಡುವ ತಾಯಿಯರು ನಮ್ಮೂರುಗಳಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಈ ಶಂಕೆಗೆ ಉತ್ತರವು ಮೊದಲೇ ಗೊತ್ತಿದೆ.

ಪರೀಕ್ಷೆಯಲ್ಲಿಯೂ ನೌಕರಿಯಲ್ಲಿಯೂ ವಿಂಡೋಸನ್ನೇ ಕೇಳುತ್ತಾರೆ, ಇದರಿಂದ ಏನು ಪ್ರಯೋಜನ ಎಂಬ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ನೌಕರಿಗೆ ಬೇಕಾದದ್ದನ್ನು ಹೊಸ ಯಂತ್ರಗಳಲ್ಲಿ ಕಲಿಸಲೇಬೇಕು. ಆದರೆ ಕಾಸರಗೋಡಿನ ಕಡೆಗೆ ಒಮ್ಮೆ ನೋಡಿರಿ. ಕೇರಳ ಸರಕಾರವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ ತನ್ನ ಶಾಲೆಗಳನ್ನು ಲಿನಕ್ಸಿಗೆ ತಿರುಗಿಸಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸಹ ಲಿನಕ್ಸಿನ ಮೇಲೆಯೇ ಗಣಕಪಾಠವನ್ನು ಓದಿ ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯನ್ನು ಕೊಡುತ್ತಾರೆ. ಅಲ್ಲಿಯದು ಹಾರ್ಡ್ ಡಿಸ್ಕಿನಲ್ಲಿ ಕೂಡ್ರಿಸುವ ದೊಡ್ಡ ವ್ಯವಸ್ಥೆ, ನಾವು ಹೇಳುವ ಚಿಕ್ಕದಲ್ಲ. ಆದರೂ ಕನ್ನಡದ ಮಕ್ಕಳಿಗೆ ಲಿನಕ್ಸು ಕಠಿಣವೆಂಬ ಮಾತು ಅಲ್ಲಿ ಸುಳ್ಳಾಗಿದೆ.

ವಿದ್ಯುತ್ತಿನ ವಿಷಯವನ್ನು ಗದಗ ಜಿಲ್ಲೆಯಲ್ಲಿ ಮರೆಯುವಂತಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯ ಯಂತ್ರಗಳು ತಿರುಗುತ್ತಲೇ ಇದ್ದರೂ ತರಗತಿಯ ನಡುವೆ ದೀಪ ಆರುವುದು ತಪ್ಪಿಲ್ಲ. ದೀಪ ಆರಿದರೆ ಸ್ಮೃತಿಯಲ್ಲಿ ಇದ್ದದ್ದೆಲ್ಲ ಹೋಗುತ್ತದೆ; ಹೊಸದಾಗಿ ಬರೆದದ್ದನ್ನು ಆಗಾಗ ಪೆನ್‌ಡ್ರೈವಿನಲ್ಲಿ ಉಳಿಸದ ಹುಡುಗಿಗೆ ಅಂದು ಅಳು ಬಂದೀತು. ಆದರೆ ವ್ಯವಸ್ಥೆಗೆ ಏನೂ ಆಗದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗಿ ಹಾರ್ಡ್ ಡಿಸ್ಕಿನ ಕಡತಗಳು ಕೆಟ್ಟು, ಮರುದಿನ ಯಂತ್ರವು ಏಳದೆ ಹಟಹಿಡಿಯುವ ದುರವಸ್ಥೆ ಇಲ್ಲಿಲ್ಲ. ಝೆರಾಕ್ಸ್ ಅಂಗಡಿಯಿಂದ ಯಾರಾದರೂ ತಂದ ವೈರಸ್ಸಿನ ಕಾಟವೂ ಪಾಟಿ ಒರೆಸಿದೊಡನೆ ಮುಗಿಯುತ್ತದೆ.

ಇದರಿಂದ ಆಗದ ಕೆಲಸವೂ ಉಂಟು. ಈಗಿನ ಅಂತರ್ಜಾಲದ ಪುಟಗಳು ಬಹಳ ಹೊಟ್ಟೆಬಾಕ, 1 ಜಿ.ಬಿ. ಸ್ಮೃತಿಯ ಯಂತ್ರದಲ್ಲಿ ಅವು ಏದುಸಿರು ಬಿಡುತ್ತವೆ. ಪಾಠದ ವಿಡಿಯೋಗಳನ್ನು ನೋಡುವುದಕ್ಕೆ ಹಳೆಯ ಯಂತ್ರಗಳನ್ನು ನೆಚ್ಚತಕ್ಕದ್ದಲ್ಲ. ಇದಲ್ಲದೆ 32 ಬಿಟ್ಟಿನ ಬಹು ಹಳೆಯ ಯಂತ್ರಗಳಿಗೆ ಕಾಲವು ಕಿರಿದಾಗುತ್ತಿದೆ. ಡೆಬಿಯನ್ ಸಹ 2025ರ ಆಗಸ್ಟಿನಲ್ಲಿ ಹೊರಬಂದ ತನ್ನ 13ನೆಯ ಆವೃತ್ತಿಯಿಂದ ಅವುಗಳಲ್ಲಿ ಹೊಸದಾಗಿ ಸ್ಥಾಪಿಸುವ ಅನುಕೂಲವನ್ನು ನಿಲ್ಲಿಸಿದೆ. ನಾವೇ ಕಟ್ಟಿಕೊಳ್ಳುವ ಮಾತಿಗೆ ಇದರಿಂದ ಇನ್ನಷ್ಟು ಬಲ ಬಂದಿತು.

ನಾಪಿಕ್ಸನ್ನು ರಚಿಸಿದ ನೋಪರ್ ಅವರ ಪತ್ನಿ ಏಡ್ರಿಯನ್ ಅವರಿಗೆ ದೃಷ್ಟಿಯ ಕೊರತೆಯುಂಟು. ಅವರಂಥವರಿಗಾಗಿ ನೋಪರ್ ಅವರು, ಪರದೆಯನ್ನು ನೋಡದೆ ಕಿವಿಯಿಂದಲೇ ನಡೆಯಿಸಬಹುದಾದ ಒಂದು ರೂಪವನ್ನು ಆ ವ್ಯವಸ್ಥೆಯಲ್ಲಿ ಕೂಡಿಸಿ, ಅದಕ್ಕೆ ಪತ್ನಿಯ ಹೆಸರನ್ನೇ ಇಟ್ಟರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದ ವೀರೇಶ್ವರ ಪುಣ್ಯಾಶ್ರಮವು ಇರುವ ಊರು ನಮ್ಮದು. ಕನ್ನಡದಲ್ಲಿ ಓದಿ ಹೇಳುವ ಸ್ವತಂತ್ರ ತಂತ್ರಾಂಶಗಳು ಇವೆ. ನಮ್ಮ ಹುಡುಗಿಯರು ಎರಡನೆಯ ವರ್ಷ ಕಟ್ಟುವ ವ್ಯವಸ್ಥೆಯು ಮಾತಾಡುವಂಥದಾಗಿ, ಅದರ ಒಂದು ಪ್ರತಿಯು ಆ ಆಶ್ರಮದ ಮಕ್ಕಳಿಗೆ ಮುಟ್ಟಲಿ ಎಂಬುದು ನಮ್ಮ ಆಸೆ.

ಸದ್ಯಕ್ಕೆ ನಾವು ಬೇಡುವುದು ಅಲ್ಪ. ಹಳೆಯ ಯಂತ್ರಗಳಲ್ಲಿ ಆರನ್ನಾದರೂ ಬರುವ ಬೇಸಿಗೆಯವರೆಗೆ ಗುಜರಿಗೆ ಕೊಡದೆ ಇಟ್ಟುಕೊಳ್ಳಲು ಆಡಳಿತ ಮಂಡಳಿಯವರು ಒಪ್ಪಬೇಕು. ಬೆಂಗಳೂರು, ಹುಬ್ಬಳ್ಳಿ, ಪರದೇಶಗಳಲ್ಲಿ ಈ ವಿದ್ಯೆಯಿಂದಲೇ ಜೀವನ ನಡೆಯಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲಿ ಊರಿಗೆ ಬಂದಾಗ ಎರಡೆರಡು ದಿನ ಶಾಲೆಗೆ ಬಂದು ಹುಡುಗಿಯರ ಪಕ್ಕದಲ್ಲಿ ಕೂಡಬೇಕು. ಪಾಲಕರು ಮಾಡಬೇಕಾದದ್ದು ಇನ್ನೂ ಹಗುರ: ಮನೆಯ ಕಪಾಟಿನಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಪೆನ್‌ಡ್ರೈವುಗಳನ್ನು ಶಾಲೆಯ ಕಚೇರಿಗೆ ಕಳಿಸಿಕೊಡಿರಿ. 4 ಜಿ.ಬಿ.ಯದು ಧಾರಾಳವಾಯಿತು, 1 ಜಿ.ಬಿ.ಯದೂ ನಡೆಯುತ್ತದೆ. ಅದರೊಳಗೆ ಮದುವೆಯ ಫೋಟೋಗಳಿದ್ದರೆ ಕಳಿಸುವ ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿರಿ. ಹುಡುಗಿಯರು ಮೊದಲನೆಯ ದಿನವೇ ಅದನ್ನು ಪೂರಾ ಒರೆಸುತ್ತಾರೆ.